ದಸರಾ ರಜೆಯ ಆಚೆ ಈಚೆ: ಪೀಣ್ಯದ ಒಂದು ತರಗತಿ

ಪೀಣ್ಯ ಕೈಗಾರಿಕಾ ಪ್ರದೇಶದ ಅಂಚಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಆರು, ಏಳನೇ ತರಗತಿಗೆ ಗಣಿತ, ವಿಜ್ಞಾನ ಪಾಠ ಮಾಡುತ್ತೇನೆ. ನಮ್ಮ ಶಾಲಾ ವರ್ಷವನ್ನು ಎರಡು ಭಾಗ ಮಾಡುವುದು ದಸರಾ ರಜೆ. ಅದಕ್ಕೆ ಮುಂಚೆ ಕ್ರೀಡಾಕೂಟ, ಪ್ರತಿಭಾ ಕಾರಂಜಿ, ಮೊದಲ ಸಂಕಲನಾತ್ಮಕ ಪರೀಕ್ಷೆ. ಅದಾದ ಮೇಲೆ ದೀಪಾವಳಿ, ರಾಜ್ಯೋತ್ಸವ, ಮಕ್ಕಳ ದಿನಾಚರಣೆ, ಕನಕ ಜಯಂತಿ. ಸೆಪ್ಟೆಂಬರ್ ಮಧ್ಯದಿಂದ ನವೆಂಬರ್ ಕೊನೆಯವರೆಗೆ "ಪಾಠ ಎಲ್ಲಿ ಆಗುತ್ತೆ ಬಿಡಿ" ಎನ್ನುವ ಮಾತು ಸ್ಟಾಫ್ ರೂಮಿನಲ್ಲಿ ಪ್ರತಿ ವರ್ಷ ಕೇಳಿಬರುತ್ತದೆ. ನಾನು ಕಂಡಿದ್ದು ಬೇರೆ. ಮಕ್ಕಳು ಗಣಿತ, ವಿಜ್ಞಾನವನ್ನು ಮನಸ್ಸಿಟ್ಟು ಕಲಿತದ್ದನ್ನು ನಾನು ಹೆಚ್ಚಾಗಿ ನೋಡಿರುವುದು ಈ ಹಬ್ಬದ ತಿಂಗಳುಗಳಲ್ಲೇ. ಅದು ತಾನಾಗಿ ಆಗುವುದಿಲ್ಲ, ಹೊಂಚಿ ಯೋಜನೆ ಹಾಕಬೇಕಾಗುತ್ತದೆ. ಆ ಅನುಭವವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಮ್ಮ ಮಕ್ಕಳ ಬಗ್ಗೆ ಹೇಳಬೇಕು. ಲಗ್ಗೆರೆ, ಹೆಗ್ಗನಹಳ್ಳಿ, ರಾಜಗೋಪಾಲನಗರದ ಒಂದು ರೂಮು, ಒಂದು ಅಡುಗೆ ಮೂಲೆಯ ಬಾಡಿಗೆ ಮನೆಗಳಿಂದ ಬರುವವರು ಇವರು. ಅಪ್ಪ ಲೇತ್ ಮೇಲೆ, ಪೌಡರ್ ಕೋಟಿಂಗ್‌ನಲ್ಲಿ, ಪ್ಲೇಟಿಂಗ್‌ನಲ್ಲಿ, ಅಮ್ಮ ಗಾರ್ಮೆಂಟ್ಸ್‌ನಲ್ಲಿ. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯವರು ಬಹಳ. ತಮಿಳು, ತೆಲುಗು, ಉರ್ದು ಮನೆಮಾತಿನವರಿದ್ದಾರೆ. ಈಚೆಗೆ ಬಿಹಾರ, ಒಡಿಶಾ, ನೇಪಾಳದ ಮಕ್ಕಳೂ ಸೇರಿದ್ದಾರೆ. ದಸರಾ ರಜೆ ಕೊಟ್ಟ ಸಂಜೆಯೇ ಉತ್ತರದ ಕಡೆಯ ಬಸ್ಸುಗಳಲ್ಲಿ ಅರ್ಧ ತರಗತಿ ಊರಿಗೆ ಹೊರಡುತ್ತದೆ. ಶಾಲೆ ತೆರೆದ ದಿನ ಅವರೆಲ್ಲ ಬಂದಿರುವುದಿಲ್ಲ. "ಹತ್ತಿ ಬಿಡಿಸೋದು ಮುಗಿಸ್ಕೊಂಡು ಬರ್ತೀವ್ರಿ ಮಿಸ್" ಎಂದು ಮೊದಲೇ ಹೇಳಿ ಹೋಗಿರುತ್ತಾರೆ. ಒಬ್ಬರು ದೀಪಾವಳಿಗೆ ಬಂದರೆ ಇನ್ನೊಬ್ಬರು ನವೆಂಬರ್ ಕೊನೆಗೆ. ಹಾಜರಿ ಪುಸ್ತಕ ನೋಡಿದರೆ ಎದೆ ಭಾರವಾಗುತ್ತದೆ.

ಇದಕ್ಕೊಂದು ದಾರಿ ಹೊಳೆದದ್ದು ಚಂದ್ರಯಾನದಿಂದ. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಚಂದ್ರನ ಮೇಲೆ ಇಳಿಯಿತು. ಅದನ್ನು ನಿಯಂತ್ರಿಸಿದ ಇಸ್ರೋದ ಇಸ್ಟ್ರಾಕ್ ಕೇಂದ್ರ ಇರುವುದು ನಮ್ಮ ಪೀಣ್ಯದಲ್ಲೇ ಎಂದು ಮಾರನೆಯ ದಿನ ಹೇಳಿದಾಗ ಏಳನೇ ತರಗತಿಯವರು ನಂಬಲೇ ಇಲ್ಲ. ನಂಬಿದ ಮೇಲೆ ಪ್ರಶ್ನೆಗಳು ಶುರುವಾದವು. ಅದರಲ್ಲಿ ಒಂದು: ಇಲ್ಲಿ ಕೂತುಕೊಂಡು ಅಷ್ಟು ದೂರವನ್ನು ಹೇಗೆ ಅಳೆಯುತ್ತಾರೆ? ಅದಕ್ಕೆ ಪೂರ್ತಿ ಉತ್ತರ ಕೊಡುವಷ್ಟು ಗಣಿತ ಏಳನೇ ತರಗತಿಯಲ್ಲಿ ಇಲ್ಲ. ಆದರೆ ಕೂತಲ್ಲೇ ಭೂಮಿಯನ್ನು ಅಳೆಯುವ ಉಪಾಯವೊಂದಿದೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಈಜಿಪ್ಟಿನಲ್ಲಿ ಎರಟೋಸ್ತನೀಸ್ ಎಂಬವನು ಮಾಡಿದ್ದು. ಅದಕ್ಕೆ ಬೇಕಾದದ್ದು ಉತ್ತರ ದಕ್ಷಿಣವಾಗಿ ದೂರದಲ್ಲಿರುವ ಎರಡು ಊರು, ಎರಡೂ ಊರಲ್ಲಿ ಒಂದೇ ದಿನ ನೆರಳು ಅಳೆಯುವ ಜನ. ನಕಾಶೆ ತೆಗೆದು ನೋಡಿದರೆ ಯಾದಗಿರಿ ಹೆಚ್ಚುಕಡಿಮೆ ನಮಗೆ ನೇರ ಉತ್ತರಕ್ಕೇ ಇದೆ! ದಸರಾಕ್ಕೆ ಅಲ್ಲಿಗೆ ಹೋಗುವ ಮಕ್ಕಳು ನನ್ನ ಎದುರಿಗೇ ಕೂತಿದ್ದರು.

ಒಬ್ಬ ಹುಡುಗನ ತಂದೆ ತಮ್ಮ ವರ್ಕ್‌ಶಾಪಿನಲ್ಲಿ ಕಬ್ಬಿಣದ ರಾಡೊಂದನ್ನು ಸರಿಯಾಗಿ ಒಂದು ಮೀಟರಿಗೆ ಕತ್ತರಿಸಿ, ತುದಿ ಮಟ್ಟ ಮಾಡಿ, ಕೆಳಗೆ ಪ್ಲೇಟು ವೆಲ್ಡ್ ಮಾಡಿ ಕೊಟ್ಟರು. ಸೆಪ್ಟೆಂಬರ್ 23, ಹಗಲು ರಾತ್ರಿ ಸಮವಾಗುವ ದಿನ, ಮೊದಲ ಅಳತೆ. ಶನಿವಾರ, ಬೆಳಗಿನ ಶಾಲೆ. ಆದರೂ ಯಾರೂ ಮನೆಗೆ ಹೋಗಲಿಲ್ಲ. ಹನ್ನೆರಡಕ್ಕೆ ನೆರಳು ಅತಿ ಚಿಕ್ಕದಾಗಬೇಕಿತ್ತಲ್ಲ, ಇನ್ನೂ ಕುಗ್ಗುತ್ತಲೇ ಇದೆ ಯಾಕೆ ಎಂದು ಮಕ್ಕಳೇ ಕೇಳಿದರು. 12 ಗಂಟೆ 12 ನಿಮಿಷದ ಸುಮಾರಿಗೆ ಅದು 23 ಸೆಂಟಿಮೀಟರಿಗೆ ಬಂದು ನಿಂತು, ಮತ್ತೆ ಬೆಳೆಯತೊಡಗಿತು. ನಮ್ಮ ಗಡಿಯಾರ ನಡೆಯುವುದು ನಮ್ಮ ಊರಿನ ಸೂರ್ಯನಿಗೆ ಸರಿಯಾಗಿ ಅಲ್ಲ, ಪೂರ್ವಕ್ಕಿರುವ ಎಂಬತ್ತೆರಡೂವರೆ ಡಿಗ್ರಿ ರೇಖಾಂಶಕ್ಕೆ ಸರಿಯಾಗಿ ಎಂಬ ಪಾಠ ಆ ದಿನ ಅಂಗಳದಲ್ಲೇ ಆಯಿತು. 23 ಸೆಂಟಿಮೀಟರ್ ನೆರಳಿನ ತ್ರಿಕೋನವನ್ನು ಹಾಳೆಯ ಮೇಲೆ ಬರೆದು ಕೋನ ಅಳೆದರೆ 13 ಡಿಗ್ರಿ. ಅಟ್ಲಾಸ್‌ನಲ್ಲಿ ಬೆಂಗಳೂರಿನ ಅಕ್ಷಾಂಶವೂ 13. ಅಟ್ಲಾಸ್‌ನಲ್ಲಿ ಅಚ್ಚಾದ ಅಂಕಿಯನ್ನು ತಾವೂ ಕಂಡುಹಿಡಿಯಬಹುದು ಎಂದು ಮಕ್ಕಳಿಗೆ ಅರಿವಾದ ಆ ಗಳಿಗೆಗೆ ಯಾವ ಪರೀಕ್ಷೆಯ ಅಂಕವೂ ಸಾಟಿಯಲ್ಲ.

ಆ ವರ್ಷ ಅಕ್ಟೋಬರ್ 8ರಿಂದ 24ರವರೆಗೆ ರಜೆ. ಊರಿಗೆ ಹೊರಟವರ ಕೈಗೆ ಒಂದು ಮೀಟರ್ ಅಳತೆಯ ದಾರ ಕೊಟ್ಟೆ. ಅಷ್ಟೇ ಉದ್ದದ ಕೋಲು ನೆಟ್ಟು, ದಾರಕ್ಕೆ ಕಲ್ಲು ಕಟ್ಟಿ ಕೋಲು ನೆಟ್ಟಗಿದೆಯೇ ನೋಡಿಕೊಂಡು, ಅಕ್ಟೋಬರ್ 15ರ ಮಧ್ಯಾಹ್ನದ ಅತಿ ಚಿಕ್ಕ ನೆರಳನ್ನು ಅಳೆಯಬೇಕು. ಮಳೆ ಕೈಕೊಟ್ಟ ವರ್ಷ ಅದು, ಆಕಾಶದಲ್ಲಿ ಮೋಡವಿರಲಿಲ್ಲ. ಊರಿಗೆ ಹೋಗದವರು ಶಾಲೆಯ ಅಂಗಳದಲ್ಲಿ ಸೇರಿ ಅಳೆದರು, 39 ಸೆಂಟಿಮೀಟರ್. ಯಾದಗಿರಿ ಹತ್ತಿರದ ಹಳ್ಳಿಯಿಂದ ಒಬ್ಬ ಹುಡುಗಿ ಅವಳ ಕಾಕಾನ ಫೋನಿನಿಂದ ಕರೆ ಮಾಡಿದಳು: "ಮಿಸ್, ಇಲ್ಲಿ ನಲವತ್ತೇಳು ಬಂದದ್ರಿ. ಅಲ್ಲೆಷ್ಟ್ ಬಂತ್ರಿ?"

ಲೆಕ್ಕವನ್ನು ಆ ಕೂಡಲೇ ಮಾಡಿ ಮುಗಿಸಬಹುದಿತ್ತು. ಮಕ್ಕಳು ಒಪ್ಪಲಿಲ್ಲ, ಅವಳು ಬಂದ ಮೇಲೆ ಅಂದರು. ಹತ್ತಿ ಬಿಡಿಸಿ ನವೆಂಬರ್ ಕೊನೆಗೆ ಬಂದಳು. ಎರಡು ತ್ರಿಕೋನ ಬರೆದರು: ಒಂದರಲ್ಲಿ 21 ಡಿಗ್ರಿ, ಇನ್ನೊಂದರಲ್ಲಿ 25, ವ್ಯತ್ಯಾಸ 4. ನಕಾಶೆಯ ಮೇಲೆ ಅಳೆದರೆ ಎರಡು ಊರಿನ ನಡುವೆ ಸುಮಾರು 410 ಕಿಲೋಮೀಟರ್. 4 ಡಿಗ್ರಿಗೆ 410 ಆದರೆ 360ಕ್ಕೆ 36,900. ಭೂಮಿಯ ನಿಜವಾದ ಸುತ್ತಳತೆ ಸುಮಾರು 40,000 ಕಿಲೋಮೀಟರ್. ಬೋರ್ಡಿನ ಮೇಲೆ ಬರೆದವಳು ಅವಳೇ. ಉಳಿದ 3,100 ಎಲ್ಲಿ ಹೋಯಿತು ಎಂಬ ಚರ್ಚೆ ಇಡೀ ಪೀರಿಯಡ್ ನಡೆಯಿತು: ಕೋಲು ವಾಲಿತ್ತೇ, ಕೋನಮಾಪಕದಲ್ಲಿ ಅರ್ಧ ಡಿಗ್ರಿ ಬಿಟ್ಟೆವೇ, ನೆರಳಿನ ತುದಿ ಮಸುಕಾಗಿತ್ತೇ. ಅಳತೆಯಲ್ಲಿ ತಪ್ಪು ಹೇಗೆ ನುಸುಳುತ್ತದೆ ಎನ್ನುವುದು ಪಠ್ಯಪುಸ್ತಕದಲ್ಲಿ ಒಂದು ಸಾಲು. ಇಲ್ಲಿ ಮಕ್ಕಳು ಅದಕ್ಕಾಗಿ ಜಗಳವಾಡಿದರು.

ಇದರಿಂದ ನಾನು ಕಲಿತದ್ದನ್ನು ನೇರವಾಗಿ ಹೇಳುತ್ತೇನೆ. ಊರಿಗೆ ಹೋಗುವ ಮಗುವಿಗೆ ಎಲ್ಲರಿಗೂ ಕೊಡುವ ಕಾಪಿ ರೈಟಿಂಗ್ ಕೊಟ್ಟು ಕಳಿಸಿದರೆ ಅದು ಬ್ಯಾಗಿನಲ್ಲೇ ಹೋಗಿ ಬ್ಯಾಗಿನಲ್ಲೇ ವಾಪಸ್ ಬರುತ್ತದೆ. ಆ ಮಗು ಮಾತ್ರ ಮಾಡಬಲ್ಲ, ತರಗತಿಗೆ ನಿಜವಾಗಿ ಬೇಕಾದ ಕೆಲಸವೊಂದನ್ನು ಕೊಟ್ಟರೆ ಮಗು ಆ ಕೆಲಸದ ಜೊತೆಗೇ ತರಗತಿಗೆ ಮರಳಿ ಬರುತ್ತದೆ. ತಡವಾಗಿ ಬಂದವಳನ್ನು "ಇಷ್ಟು ದಿನ ಎಲ್ಲಿದ್ದೆ" ಎಂದು ಕೇಳುವ ತರಗತಿಗೂ "ನಿನ್ನ ಅಳತೆ ಎಲ್ಲಿ" ಎಂದು ಕಾಯುವ ತರಗತಿಗೂ ಬಹಳ ಅಂತರವಿದೆ.

ಬಿಟ್ಟುಹೋದ ಪಾಠದ ವಿಷಯದಲ್ಲಿ ನನಗೆ ದಾರಿ ತೋರಿಸಿದ್ದು ನಮ್ಮದೇ ಶಾಲೆಯ ನಲಿ-ಕಲಿ ಕೊಠಡಿ. ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಶುರುವಾದ ಈ ಪದ್ಧತಿಯಲ್ಲಿ ಕಲಿಕೆಯ ಏಣಿ ಗೋಡೆಯ ಮೇಲಿರುತ್ತದೆ. ಮಗು ಎಷ್ಟು ದಿನ ಬಿಟ್ಟು ಬಂದರೂ ತಾನು ನಿಂತಿದ್ದ ಮೆಟ್ಟಿಲಿನಿಂದಲೇ ಮುಂದಕ್ಕೆ ಹತ್ತುತ್ತದೆ. ಕೃಷಿ ಕೆಲಸಕ್ಕೆ ಹೋಗಿ ಬರುವ ಮಕ್ಕಳಿಗೆ ಇದಕ್ಕಿಂತ ಒಪ್ಪುವ ಏರ್ಪಾಡು ಇಲ್ಲ ಎಂದು ಚಿಕ್ಕ ತರಗತಿಯ ನನ್ನ ಸಹೋದ್ಯೋಗಿ ಹೇಳುತ್ತಲೇ ಇದ್ದರು. ಈಗ ಏಳನೇ ತರಗತಿಯಲ್ಲೂ ಭಿನ್ನರಾಶಿ, ದಶಮಾಂಶ, ಕೋನಗಳಿಗೆ ಅಂಥದ್ದೇ ಚಿಕ್ಕ ಏಣಿ ಬರೆದು ಅಂಟಿಸಿದ್ದೇನೆ. ರಜೆ ಮುಗಿದ ಮೊದಲ ವಾರ ಹೊಸ ಅಧ್ಯಾಯ ತೆಗೆಯುವುದಿಲ್ಲ.

ಆ ವಾರಕ್ಕೆ ಬೇರೆ ಕೆಲಸವಿದೆ, ಆಯುಧಪೂಜೆಯ ಕೆಲಸ. ಪೀಣ್ಯದ ದೊಡ್ಡ ಹಬ್ಬ ಅದೇ. ಹಿಂದಿನ ದಿನವೇ ಮೆಷಿನುಗಳ ಎಣ್ಣೆ ಜಿಡ್ಡು ಒರೆಸಿ, ವಿಭೂತಿ ಕುಂಕುಮ ಇಟ್ಟು, ಬಾಳೆಕಂದು ಕಟ್ಟಿ, ಗೇಟಿನ ಮುಂದೆ ಬೂದುಗುಂಬಳ ಒಡೆದು, ಕಡ್ಲೆಪುರಿ ಮತ್ತು ಸ್ವೀಟ್ ಬಾಕ್ಸ್ ಹಂಚುತ್ತಾರೆ. ಯಾವ ಮತದವರೇ ಇರಲಿ, ಕೆಲಸಗಾರರ ಮಕ್ಕಳಿಗೆ ಫ್ಯಾಕ್ಟರಿಯ ಒಳಗೆ ಕಾಲಿಡಲು ಸಿಗುವುದು ಅದೊಂದು ದಿನ. ಅಪ್ಪ ಇಡೀ ವರ್ಷ ಎಲ್ಲಿ ನಿಂತಿರುತ್ತಾನೆ ಎಂದು ಅವರು ಕಣ್ಣಾರೆ ಕಾಣುವುದೂ ಆಗಲೇ. ಶಾಲೆ ತೆರೆದ ಮೇಲೆ ಆ ಮೆಷಿನಿನ ಚಿತ್ರ ಬರೆಯಬೇಕು: ಒಳಗೆ ಏನು ಹೋಗುತ್ತದೆ, ಹೊರಗೆ ಏನು ಬರುತ್ತದೆ, ಯಾವ ಭಾಗ ತಿರುಗುತ್ತದೆ, ಅಳೆಯುವವರು ಯಾರು, ಯಾವುದರಿಂದ ಅಳೆಯುತ್ತಾರೆ.

ದಶಮಾಂಶ ಕಲಿಸಿದವರಿಗೆಲ್ಲ ಗೊತ್ತು, 0.5 ದೊಡ್ಡದೋ 0.25 ದೊಡ್ಡದೋ ಎಂದರೆ ಅನೇಕ ಮಕ್ಕಳು 0.25 ಎನ್ನುತ್ತಾರೆ. 25 ಎಂಬುದು 5ಕ್ಕಿಂತ ದೊಡ್ಡದಲ್ಲವೇ? ಬೋರ್ಡಿನ ಮೇಲೆ ಎಷ್ಟು ಸಲ ಹೇಳಿದರೂ ಅದು ಹೋಗುವುದಿಲ್ಲ. ಟರ್ನರ್ ಆಗಿರುವ ಒಬ್ಬ ತಂದೆಯನ್ನು ತರಗತಿಗೆ ಕರೆದೆವು. ತಮ್ಮ ವರ್ನಿಯರ್ ತಂದರು, 0.02 ಮಿಲಿಮೀಟರ್‌ವರೆಗೆ ಅಳೆಯುವುದು. ಹತ್ತು ಹಾಳೆ ಒಟ್ಟಿಗೆ ಹಿಡಿಸಿ ಅಳೆಸಿದರು, ಸುಮಾರು 1 ಮಿಲಿಮೀಟರ್. ಒಂದು ಹಾಳೆ 0.1. ಅರ್ಧ ಮಿಲಿಮೀಟರಿಗೆ ಐದು ಹಾಳೆ, 0.25ಕ್ಕೆ ಎರಡೂವರೆ. "ನಾನು 0.05 ಜಾಸ್ತಿ ಬಿಟ್ಟರೆ ಪೀಸ್ ರಿಜೆಕ್ಟ್ ಆಗುತ್ತಪ್ಪಾ" ಎಂದು ಅವರು ಹೇಳಿದಾಗ ಅವರ ಮಗ ತಲೆ ಎತ್ತಿ ಕೂತಿದ್ದ. ಇನ್ನೊಂದು ದಿನ ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುವ ಒಬ್ಬ ತಾಯಿ ಬಂದರು. ಗಂಟೆಗೆ 80 ಕಾಲರ್ ಎಂದರೆ ಒಂದಕ್ಕೆ ಎಷ್ಟು ಹೊತ್ತು? 45 ಸೆಕೆಂಡ್. ಗಡಿಯಾರ ನೋಡುತ್ತ 45 ಸೆಕೆಂಡ್ ಸುಮ್ಮನೆ ಕೂತು ನೋಡಿದ ಮಕ್ಕಳಿಗೆ ಅಮ್ಮ ಸಂಜೆ ಯಾಕೆ ಅಷ್ಟು ದಣಿದಿರುತ್ತಾಳೆ ಎಂದು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ನವೆಂಬರ್‌ನಲ್ಲಿ ಹೆಸರಘಟ್ಟದ ಕಡೆ ಇನ್ನೂ ಉಳಿದಿರುವ ರಾಗಿ ಹೊಲ ತೋರಿಸುತ್ತೇವೆ. ಬಿಎಂಟಿಸಿ ಬಸ್ಸಿನಲ್ಲಿ ಹೋಗಿ ಬರಬಹುದಾದ ದೂರ. ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ಹುಚ್ಚೆಳ್ಳು. ಇಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೆ ಯಾವುದೂ ಗೊತ್ತಿರಲಿಲ್ಲ. "ಇದರ ಹಿಂಡಿ ಮಾಡ್ತಾರ್ರಿ ನಮ್ಮ ಕಡಿ" ಎಂದು ಹುಚ್ಚೆಳ್ಳನ್ನು ಗುರುತಿಸಿದ್ದು ಕಲಬುರಗಿಯ ಹುಡುಗ, ಕನ್ನಡ ಓದುವಾಗ ಉಳಿದವರು ನಗುತ್ತಾರೆಂದು ಬಾಯಿ ಬಿಡದವನು. ಬಿತ್ತನೆ, ಕಳೆ, ಕೊಯ್ಲು ಎಲ್ಲವನ್ನೂ ಅವತ್ತು ಅವನೇ ವಿವರಿಸಿದ. ರೈತರು ಕೊಟ್ಟ ನಾಲ್ಕು ತೆನೆ ತಂದು ಕಾಳು ಬಿಡಿಸಿ, ಸಾವಿರ ಎಣಿಸಿ ತೂಗಿದರೆ ಮೂರು ಗ್ರಾಂ ಕೂಡ ಬರಲಿಲ್ಲ. ಹಾಗಾದರೆ ನೂರು ಗ್ರಾಂ ಹಿಟ್ಟಿನ ಒಂದು ಮುದ್ದೆಯಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಕಾಳು! ರಾಗಿ ಮೂಲದಲ್ಲಿ ಪೂರ್ವ ಆಫ್ರಿಕಾದ ಎತ್ತರದ ನೆಲದಿಂದ ಬಂದ ಬೆಳೆ ಎಂದೂ, ನಮ್ಮ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟವರು ರಾಗಿ ಲಕ್ಷ್ಮಣಯ್ಯ ಎಂದೂ ಹೇಳಿದೆ. ಬಿಹಾರದ ಹುಡುಗಿ "ಹಾಗಾದ್ರೆ ರಾಗೀನೂ ಬೇರೆ ಕಡೆಯಿಂದ ಬಂದಿದ್ದಾ ಮಿಸ್?" ಎಂದು ಕನ್ನಡದಲ್ಲೇ ಕೇಳಿದಳು. ಪ್ರಶ್ನೆ ಕೇಳುವ ಆಸೆ ಬಂದಾಗ ಭಾಷೆ ತಾನಾಗಿ ಬರುತ್ತದೆ ಎನ್ನುವುದನ್ನು ನಾನು ಇಂಥ ದಿನಗಳಲ್ಲಿ ಮತ್ತೆ ಮತ್ತೆ ನೋಡಿದ್ದೇನೆ.

ಪ್ರತಿಭಾ ಕಾರಂಜಿಯ ಬಗ್ಗೆ ಒಂದು ಮಾತು. ಶಾಲೆ, ಕ್ಲಸ್ಟರ್, ತಾಲ್ಲೂಕು, ಜಿಲ್ಲೆ ಎಂದು ಹಂತ ಏರುವ ಈ ಸ್ಪರ್ಧೆಗಳು ಒಳ್ಳೆಯವೇ. ಆದರೆ ಬಹುಮಾನ ತರಬಲ್ಲ ನಾಲ್ಕೈದು ಮಕ್ಕಳನ್ನು ಆರಿಸಿ ಅವರನ್ನೇ ತಿದ್ದುತ್ತ ಹೋದರೆ ಉಳಿದವರು ಚಪ್ಪಾಳೆ ತಟ್ಟುವವರಾಗುತ್ತಾರೆ. ಶಾಲಾ ಹಂತದಲ್ಲಾದರೂ ಪ್ರತಿ ಮಗುವೂ ವೇದಿಕೆ ಹತ್ತಲೇಬೇಕು ಎಂಬುದು ನನ್ನ ಹಟ. ಸಮಯ ಎಲ್ಲಿದೆ ಎನ್ನುತ್ತಾರೆ. ಸಮಯ ಕಡಿಮೆಯೇ, ನಿಜ. 2025ರಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರು ಹೋಗಬೇಕಾಗಿದ್ದರಿಂದ ಸರ್ಕಾರಿ, ಅನುದಾನಿತ ಶಾಲೆಗಳ ದಸರಾ ರಜೆ ಅಕ್ಟೋಬರ್ 18ರವರೆಗೆ ಮುಂದುವರಿಯಿತು, ಬೆನ್ನಿಗೇ ದೀಪಾವಳಿ. ಅಂಥ ವರ್ಷ ಅಧ್ಯಾಯಗಳ ಹಿಂದೆ ಓಡುವ ಬದಲು, ಒಂದು ಚಟುವಟಿಕೆಯಲ್ಲಿ ಮೂರು ಪಾಠ ಕೂಡಿಸುವುದೇ ಸರಿ. ನೆರಳಿನ ಕೋಲು ಕೋನ, ಅನುಪಾತ, ಭೂಗೋಳ ಮೂರನ್ನೂ ಮುಗಿಸುತ್ತದೆ.

ಪೀಣ್ಯದ ಕಾರ್ಖಾನೆ ಮಾಲೀಕರಲ್ಲಿ, ಹಾಗೆಯೇ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳವರಲ್ಲಿ ನನ್ನದೊಂದು ಕೋರಿಕೆ ಇದೆ. ಸರ್ಕಾರಿ ಶಾಲೆಗೆ ಬೆಂಚು, ಬ್ಯಾಗು, ಬಣ್ಣ ನೀವು ಕೊಡುತ್ತಲೇ ಇದ್ದೀರಿ. ಅದಕ್ಕೆ ಕೃತಜ್ಞತೆ ಇದೆ. ತಿಂಗಳ ಮೂರನೇ ಶನಿವಾರ ನಮ್ಮ ಶಾಲೆಗಳಲ್ಲಿ ಬ್ಯಾಗ್ ಇಲ್ಲದ ಸಂಭ್ರಮ ಶನಿವಾರ. ದಸರಾ ಕಳೆದ ಮೇಲಿನ ಅಂಥ ಒಂದು ಶನಿವಾರ ಬೆಳಿಗ್ಗೆ ಒಂದು ಗಂಟೆ ಹೊತ್ತು ಮೆಷಿನ್ ನಿಲ್ಲಿಸಿ, ಪಕ್ಕದ ಶಾಲೆಯ ಒಂದು ತರಗತಿಯನ್ನು ಒಳಗೆ ಕರೆಯಿರಿ. ತೋರಿಸುವ ಕೆಲಸವನ್ನು ಮ್ಯಾನೇಜರ್‌ಗೆ ಬಿಡಬೇಡಿ. ಆ ಮೆಷಿನ್ ಮೇಲೆ ದಿನಾ ನಿಲ್ಲುವ ಟರ್ನರ್, ಫಿಟ್ಟರ್, ಟೈಲರ್ ತಮ್ಮ ಬಾಯಿಂದಲೇ ವಿವರಿಸಲಿ, ಮಕ್ಕಳ ಕೈಗೆ ವರ್ನಿಯರ್ ಕೊಡಲಿ. ಮಕ್ಕಳನ್ನು ಕರೆತರುವುದು, ಸಾಲಾಗಿ ನಿಲ್ಲಿಸುವುದು, ಮೆಷಿನ್ ಮುಟ್ಟದಂತೆ ನೋಡಿಕೊಳ್ಳುವುದು ನಮ್ಮ ಜವಾಬ್ದಾರಿ. ಈ ನವೆಂಬರ್‌ಗೇ ಶುರು ಮಾಡಿ, ಹತ್ತಿರದ ಶಾಲೆಯ ಮುಖ್ಯ ಶಿಕ್ಷಕರಿಗೆ ಒಂದು ಮಾತು ಹೇಳಿ ಕಳಿಸಿ.