ಕೇದಾರ ಯಾತ್ರೆಗೆ ಹೊರಡುವವರು ತಿಳಿದಿರಬೇಕಾದ ಬಟ್ಟೆಬರೆ ವಿಚಾರ

ಶ್ರೀ ಮುಳ್ಳಪ್ಪಸ್ವಾಮಿಯ ದರ್ಶನಕ್ಕೆ ಮುಳ್ಳಯ್ಯನಗಿರಿ ಹತ್ತಿ ಬರುವ ಭಕ್ತಾದಿಗಳಲ್ಲಿ, ಉತ್ತರದ ಕೇದಾರನಾಥಕ್ಕೂ ಒಮ್ಮೆ ಹೋಗಿಬರಬೇಕೆಂಬ ಆಸೆ ಇಟ್ಟುಕೊಂಡವರು ಇದ್ದೇ ಇರುತ್ತಾರೆ. ಕೇದಾರಕ್ಕೂ ಕನ್ನಡ ನಾಡಿಗೂ ನಂಟು ಹಳೆಯದು. ಅಲ್ಲಿಯ ರಾವಲರು ಪರಂಪರೆಯಿಂದ ಈ ಕಡೆಯ ವೀರಶೈವ ಜಂಗಮರು. ಯಾತ್ರೆಗೆ ಹೊರಡುವವರು ರೈಲು ಟಿಕೀಟು, ರೂಮು, ದಾರಿಯ ತಿಂಡಿ ಎಲ್ಲವನ್ನೂ ಯೋಚನೆ ಮಾಡುತ್ತಾರೆ. ಬಟ್ಟೆ ವಿಚಾರ ಬಂದಾಗ ಮಾತ್ರ "ಒಂದು ಸ್ವೆಟರು, ಒಂದು ಶಾಲು ಇದ್ದರಾಯ್ತು" ಅಂದುಬಿಡುತ್ತಾರೆ. ಬೆಟ್ಟದ ಮೇಲೆ ಜೀವಕ್ಕೆ ಕುತ್ತು ಬರುವುದು ಅನೇಕ ಸಲ ಇಷ್ಟು ಸಣ್ಣ ಅಸಡ್ಡೆಯಿಂದಲೇ.

ಎತ್ತರದ ಲೆಕ್ಕ

ಮುಳ್ಳಯ್ಯನಗಿರಿ ಸಮುದ್ರ ಮಟ್ಟದಿಂದ ಸುಮಾರು 1930 ಮೀಟರ್ ಎತ್ತರ, ಕರ್ನಾಟಕದಲ್ಲಿ ಇದಕ್ಕಿಂತ ಎತ್ತರದ ಶಿಖರವಿಲ್ಲ. ಕೇದಾರದ ಕಾಲುದಾರಿ ಆರಂಭವಾಗುವ ಗೌರೀಕುಂಡದ ಎತ್ತರ ಸುಮಾರು 1980 ಮೀಟರ್. ಅಂದರೆ ಇಲ್ಲಿ ಹತ್ತುವುದು ಮುಗಿದ ಎತ್ತರದಲ್ಲಿ ಅಲ್ಲಿ ಹತ್ತುವುದು ಶುರು. ಕೇದಾರನಾಥ ದೇವಸ್ಥಾನ ಇರುವುದು 3583 ಮೀಟರಿನಲ್ಲಿ. 2013ರ ಜೂನ್ ಪ್ರವಾಹದಲ್ಲಿ ಹಳೆಯ ದಾರಿ ಕೊಚ್ಚಿಹೋದ ಮೇಲೆ ಮಾಡಿದ ಹೊಸ ದಾರಿ ಇನ್ನೂ ಉದ್ದ, 16 ಕಿ.ಮೀ.ಗೆ ಕಡಿಮೆ ಇಲ್ಲ.

ಪ್ರತಿ 1000 ಮೀಟರ್ ಮೇಲೇರಿದಾಗ ಚಳಿ ಸುಮಾರು ಆರೂವರೆ ಡಿಗ್ರಿ ಹೆಚ್ಚುತ್ತದೆ. ಈ ಲೆಕ್ಕದಲ್ಲಿ ಗೌರೀಕುಂಡದಲ್ಲಿ 15 ಡಿಗ್ರಿ ಇದ್ದರೆ ಮೇಲೆ 5 ಡಿಗ್ರಿ. ಗಾಳಿ, ಮಳೆ ಸೇರಿದರೆ ಮೈಗೆ ಆಗುವ ಚಳಿ ಇನ್ನೂ ಹೆಚ್ಚು. ಬಾಗಿಲು ತೆರೆಯುವ ವೈಶಾಖದಲ್ಲೂ, ಮುಚ್ಚುವ ದೀಪಾವಳಿ ಹೊತ್ತಿಗೂ ಅಲ್ಲಿ ಹಿಮ ಬೀಳುವುದುಂಟು.

ನೆನೆದ ಹತ್ತಿ ಬಟ್ಟೆಯೇ ಶತ್ರು

ಅರವತ್ತು ದಾಟಿದ ಯಜಮಾನರೊಬ್ಬರು ಹತ್ತಿ ಬನೀನು, ಹತ್ತಿ ಶರ್ಟು, ಮೇಲೆ ದಪ್ಪ ಸ್ವೆಟರು ಹಾಕ್ಕೊಂಡು ಬೆಳಗ್ಗೆ ಹೊರಟರು ಎಂದಿಟ್ಟುಕೊಳ್ಳಿ. ಒಂದು ಗಂಟೆಯಲ್ಲಿ ಬನೀನು ಬೆವರಿನಿಂದ ಒದ್ದೆ. ಮಧ್ಯಾಹ್ನದ ಮಳೆಗೆ ಸ್ವೆಟರೂ ಒದ್ದೆ. ನಡೆಯುವಷ್ಟು ಹೊತ್ತು ಏನೂ ಗೊತ್ತಾಗುವುದಿಲ್ಲ. ಮೇಲೆ ಹೋಗಿ ದರ್ಶನದ ಸಾಲಿನಲ್ಲಿ ನಿಂತಾಗ ಮೈಯ ಬಿಸಿ ಇಳಿಯುತ್ತದೆ. ಒಣ ಗಾಳಿಗಿಂತ ನೀರು ಮೈ ಶಾಖವನ್ನು ಸುಮಾರು 25 ಪಟ್ಟು ಬೇಗ ಎಳೆಯುತ್ತದೆ. ಹತ್ತಿ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಬೇಗ ಒಣಗುವುದಿಲ್ಲ. ನಮ್ಮ ಸೆಕೆಗೆ ಹಿತವಾದ ಅದೇ ಗುಣ ಅಲ್ಲಿ ಅಪಾಯ.

ಉಣ್ಣೆ ಹಾಗಲ್ಲ. ನೆನೆದರೂ ಸ್ವಲ್ಪ ಬೆಚ್ಚಗೇ ಇಡುತ್ತದೆ. ಮಲೆನಾಡಿನ ರೈತರು ಜಡಿಮಳೆಯಲ್ಲಿ ಕಂಬಳಿಕೊಪ್ಪೆ ಹಾಕಿ ಗದ್ದೆಗೆ ಇಳಿಯುತ್ತಿದ್ದುದು ಈ ಕಾರಣಕ್ಕೇ. ಅದರ ಮೇಲೊಂದು ಗೊರಬು ಇದ್ದರೆ ಮಳೆಗೂ ತಡೆ. ಹಿರಿಯರು ಕಂಡುಕೊಂಡಿದ್ದ ಕ್ರಮವನ್ನೇ ಈಗ ಪರ್ವತಾರೋಹಿಗಳು ಮೂರು ಪದರವಾಗಿ ಪಾಲಿಸುತ್ತಾರೆ.

ಮೂರು ಪದರದ ಕ್ರಮ

1. ಒಳಪದರ: ಮೈಗೆ ಅಂಟಿಕೊಳ್ಳುವ ಥರ್ಮಲ್ ಬಟ್ಟೆ, ಮೇಲಕ್ಕೊಂದು ಕೆಳಕ್ಕೊಂದು. ಉಣ್ಣೆಯದ್ದಾಗಲಿ ಪಾಲಿಯೆಸ್ಟರಿನದ್ದಾಗಲಿ ಸರಿ, ಹತ್ತಿಯದ್ದು ಬೇಡ. ಚೀಟಿ ಓದಿ ಕೊಳ್ಳಿ. ಎರಡು ಜೊತೆ ಇರಲಿ.

2. ನಡುಪದರ: ಉಣ್ಣೆ ಸ್ವೆಟರು ಅಥವಾ ಫ್ಲೀಸ್ ಜಾಕೆಟ್ಟು. ದಪ್ಪದ್ದು ಒಂದರ ಬದಲು ತೆಳುವಾದದ್ದು ಎರಡು ಒಳ್ಳೆಯದು, ಎರಡರ ನಡುವಿನ ಗಾಳಿಯೂ ಬಿಸಿಯನ್ನು ಕಾಯುತ್ತದೆ. ಸೆಕೆಯಾದರೆ ಒಂದನ್ನು ತೆಗೆಯಬಹುದು.

3. ಹೊರಪದರ: ಗಾಳಿ, ಮಳೆ ಎರಡನ್ನೂ ತಡೆಯುವ ಕೋಟು, ಪ್ಯಾಂಟು. ಕೊಂಡ ಮೇಲೆ ಹೊಲಿಗೆಯ ಮೇಲೆ ಒಂದು ಚೊಂಬು ನೀರು ಸುರಿದು ನೋಡಿ. ಒಳಗೆ ಇಳಿದರೆ ಅದು ಕೆಲಸಕ್ಕೆ ಬಾರದು.

ಹತ್ತುವಾಗ ಬೆವರುವ ಮೊದಲೇ ಒಂದು ಪದರ ಕಳಚಿ. ಕೂತು ದಣಿವಾರಿಸಿಕೊಳ್ಳುವಾಗ ಚಳಿ ಹತ್ತುವ ಮೊದಲೇ ಹಾಕಿಕೊಳ್ಳಿ. ಒಂದು ಜೊತೆ ಒಣ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ನಿಮ್ಮ ಹೆಗಲಲ್ಲೇ ಇಟ್ಟುಕೊಳ್ಳಿ. ಕೂಲಿಯವನ ಬೆನ್ನ ಮೇಲಿನ ಮೂಟೆಯಲ್ಲಿದ್ದರೆ ಬೇಕಾದ ಹೊತ್ತಿಗೆ ಸಿಗುವುದಿಲ್ಲ.

ತಲೆ, ಕೈ, ಕಾಲು

ಕಿವಿ ಮುಚ್ಚುವ ಟೋಪಿ, ನೀರು ಇಳಿಯದ ಕೈಗವುಸು ಅವಶ್ಯ. ಬೂಟು ಕೊಳ್ಳುವಾಗ ದಪ್ಪ ಕಾಲುಚೀಲ ಹಾಕಿಕೊಂಡೇ ಅಳತೆ ನೋಡಬೇಕು. ಸಂಜೆ ಹೊತ್ತು ಕಾಲು ಸ್ವಲ್ಪ ಊದಿರುತ್ತದೆ, ಆಗ ಕೊಂಡರೆ ಒಳ್ಳೆಯದು. ಇಳಿಯುವಾಗ ಬೆರಳು ತುದಿಗೆ ತಾಗಬಾರದು. ಹೊಸ ಬೂಟನ್ನು ಯಾತ್ರೆಗೆ ತಿಂಗಳು ಮುಂಚೆಯೇ ಹಾಕಿ ಓಡಾಡಿ. ಹವಾಯಿ ಚಪ್ಪಲಿ ರೂಮಿಗೆ ಮಾತ್ರ. ಬರಿಗಾಲ ಹರಕೆ ಹೊತ್ತವರು ಹಿರಿಯರಲ್ಲಿ ಕೇಳಿ, ಅದನ್ನು ದೇವಸ್ಥಾನದ ಅಂಗಳಕ್ಕೆ ಇಟ್ಟುಕೊಂಡರೆ ಕ್ಷೇಮ. ದರ್ಶನ ಮುಗಿದ ಕೂಡಲೇ ಕಾಲು ಒರೆಸಿ ಒಣ ಕಾಲುಚೀಲ ಹಾಕಿಕೊಳ್ಳಿ.

ಹೆಂಗಸರಿಗೆ, ಮಡಿಯವರಿಗೆ

ನೆನೆದ ಸೀರೆಯ ಅಂಚು ಭಾರವಾಗಿ ಕಾಲಿಗೆ ತೊಡರುತ್ತದೆ. ದಾರಿಯಲ್ಲಿ ಸಲ್ವಾರ್ ಅನುಕೂಲ. ಸೀರೆಯೇ ಬೇಕೆನ್ನುವ ಅಜ್ಜಿಯರು ಒಳಗೆ ಥರ್ಮಲ್ ಪ್ಯಾಂಟು ಹಾಕಿ, ಸೀರೆಯನ್ನು ಗಿಡ್ಡಕ್ಕೆ ಉಟ್ಟು, ಮೇಲೆ ಮಳೆಕೋಟು ತೊಡಲಿ. ದೇವರ ಮುಂದೆ ಉಡಲು ಒಣ ಸೀರೆ ಬೇರೆ ಇರಲಿ. ಮಡಿಯವರು ಚಿಂತಿಸಬೇಕಾಗಿಲ್ಲ. ಉಣ್ಣೆಯ ಧಾಬಳಿ ಮಡಿಗೆ ಸಲ್ಲುತ್ತದೆಂಬುದು ಹಿಂದಿನಿಂದ ಬಂದ ರೂಢಿ. ಒದ್ದೆ ಪಂಚೆಯಲ್ಲೇ ನಿಲ್ಲಬೇಕೆಂಬ ಹಠ ಅಲ್ಲಿ ಬೇಡ.

ಕುದುರೆ ಮೇಲೆ ಹೋಗುವವರಿಗೆ ನಡೆಯುವವರಿಗಿಂತ ಹೆಚ್ಚು ಬಟ್ಟೆ ಬೇಕು, ಮೈ ಅಲುಗದಿದ್ದರೆ ಬಿಸಿ ಹುಟ್ಟುವುದಿಲ್ಲ. ಹೆಲಿಕಾಪ್ಟರಿನವರು ಕೆಲವೇ ನಿಮಿಷದಲ್ಲಿ ಚಳಿಗೆ ಇಳಿಯುತ್ತಾರೆ. ಸಾಮಾನಿನ ತೂಕಕ್ಕೆ ಮಿತಿ ಇರುವುದರಿಂದ ಬೆಚ್ಚಗಿನ ಬಟ್ಟೆಯನ್ನು ಮೈಮೇಲೇ ಹಾಕಿಕೊಂಡು ಹೊರಡಬೇಕು.

ಜೊತೆಯವರನ್ನು ಗಮನಿಸಿ

ಚಳಿ ಹಿಡಿದವರಿಗೆ ತಮಗೆ ಚಳಿ ಹಿಡಿದಿದೆ ಎಂಬುದೇ ತಿಳಿಯದೆ ಹೋಗುತ್ತದೆ. ಮೊದಲು ನಡುಕ, ಆಮೇಲೆ ಮಾತು ತೊದಲುವುದು, ಕಾಲು ಎಡವುವುದು, "ನನಗೇನೂ ಆಗಿಲ್ಲ, ನೀವು ಹೋಗಿ" ಎಂದು ಕೂತುಬಿಡುವುದು. ನಡುಕ ತಾನಾಗಿ ನಿಂತು ಮಂಕು ಕವಿದರೆ ಅದು ಗುಣವಾದ ಲಕ್ಷಣವಲ್ಲ, ದೊಡ್ಡ ಅಪಾಯ. ಕೂಡಲೇ ಗಾಳಿಯಿಲ್ಲದ ಕಡೆ ಸೇರಿಸಿ, ಒದ್ದೆ ಬಟ್ಟೆ ಬಿಚ್ಚಿ, ಒಣ ಬಟ್ಟೆ ಕಂಬಳಿ ಹೊದಿಸಿ. ಎಚ್ಚರವಿದ್ದು ನುಂಗಲು ಆಗುವಂತಿದ್ದರೆ ಬಿಸಿ ಸಿಹಿ ಚಹಾ ಕೊಡಿ. ಕೈಕಾಲು ತಿಕ್ಕಬೇಡಿ. ಬ್ರಾಂದಿ ಕೊಡಲೇಬಾರದು, ಅದು ಮೈ ಶಾಖವನ್ನು ಇನ್ನೂ ಕಳೆಯುತ್ತದೆ. ತಡಮಾಡದೆ ವೈದ್ಯರಿಗೆ ತೋರಿಸಿ. ತಲೆನೋವು, ವಾಂತಿ, ಏದುಸಿರು ಬಂದರೆ ಅದು ಎತ್ತರದ ತೊಂದರೆ ಇರಬಹುದು. ಅದಕ್ಕೆ ಬಟ್ಟೆ ಮದ್ದಲ್ಲ, ಕೆಳಗಿಳಿಯುವುದೇ ಮದ್ದು.

ಇಲ್ಲೇ ಪರೀಕ್ಷೆ ಮಾಡಿ

ಕೇದಾರಕ್ಕೆ ಕೊಂಡ ಬಟ್ಟೆ, ಬೂಟು ಎಲ್ಲವನ್ನೂ ಹಾಕಿಕೊಂಡು ಒಮ್ಮೆ ಮುಂಜಾನೆ ಮಂಜಿನಲ್ಲಿ ಈ ಗಿರಿಯನ್ನು ಹತ್ತಿ, ಮೇಲೆ ಗಾಳಿಗೆ ಅರ್ಧ ಗಂಟೆ ನಿಂತು ನೋಡುವುದು ಒಳ್ಳೆಯದು. ಇಲ್ಲೇ ಹಲ್ಲು ಕಟಕಟ ಅಂದರೆ ಆ ಬಟ್ಟೆ ಅಲ್ಲಿಗೆ ಸಾಲದು. ಬೂಟು ಕಚ್ಚಿದರೂ ಇಲ್ಲೇ ಕಚ್ಚಲಿ. ಹೋದ ಭಕ್ತರೆಲ್ಲ ದರ್ಶನ ಪಡೆದು, ಹೋದಷ್ಟೇ ಮಂದಿ ಕ್ಷೇಮವಾಗಿ ಮನೆ ಸೇರಿದಾಗಲೇ ಯಾತ್ರೆ ಪೂರ್ತಿ. ಸ್ವಾಮಿಯು ಎಲ್ಲರನ್ನೂ ಕಾಪಾಡಲಿ.