ತಗ್ಗಿಸಿದ ಕಾರಿಗೆ ಅಗಲದ ಚಕ್ರ

ದೇವನಹಳ್ಳಿಯ ಓದುಗರೊಬ್ಬರು, ಗಿಡ್ಡ ಸ್ಪ್ರಿಂಗ್ ಹಾಕಿಸಿ ತಗ್ಗಿಸಿರುವ ತಮ್ಮ ಸೆಡಾನಿಗೆ 205/55 ಆರ್ 16 ಟೈರಿನ ಬದಲು 225/45 ಆರ್ 17 ಟೈರನ್ನು ಒಂದಿಂಚು ಹೆಚ್ಚು ಅಗಲದ ರಿಮ್ಮಿನೊಡನೆ ಹಾಕಿಸಬಹುದೇ ಎಂದು ಕೇಳಿದ್ದಾರೆ. ಚಕ್ರದ ಒಟ್ಟು ವ್ಯಾಸ ಸುಮಾರು 632 ಮಿ.ಮೀ.ಯಿಂದ 634ಕ್ಕಷ್ಟೇ ಏರುವುದರಿಂದ ಸ್ಪೀಡೋಮೀಟರ್ ತಪ್ಪು ತೋರಿಸೀತೆಂಬ ಭಯ ಬೇಕಿಲ್ಲ; ತೊಡಕಿರುವುದು ಆಫ್‌ಸೆಟ್‌ನಲ್ಲಿ, ಅಂದರೆ ರಿಮ್ಮಿನ ನಡುಗೆರೆಗೂ ಅದು ಹಬ್ಬಿಗೆ ಕೂರುವ ಮುಖಕ್ಕೂ ಇರುವ ಅಂತರದಲ್ಲಿ. ಆಫ್‌ಸೆಟ್ ಹಳೆಯದೇ ಆಗಿದ್ದರೆ ರಿಮ್ ಎರಡೂ ಬದಿಗೆ ಸುಮಾರು 13 ಮಿ.ಮೀ. ಚಾಚಿ, ಒಳಗೆ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಸೇರಿದ ಸ್ಟ್ರಟ್ಟಿನ ಹತ್ತಿರಕ್ಕೆ ಬರುತ್ತದೆ. ಆಫ್‌ಸೆಟ್ಟನ್ನು ತಗ್ಗಿಸಿದಷ್ಟೂ ಹೊರಗೆ ಫೆಂಡರಿನ ಅಂಚಿಗೆ ಟೈರು ತಾಗುವ ಸಂಭವ ಹೆಚ್ಚುತ್ತದೆ.

ನಿಂತ ಕಾರಿನಲ್ಲಿ ಬೆರಳು ತೂರಿಸಿ ನೋಡಿದರೆ ಸಾಲದು. ಟೈರಿನ ಭುಜಕ್ಕೆ ಚಾಕ್ ಬಳಿದು, ನಾಲ್ವರನ್ನು ಕೂರಿಸಿಕೊಂಡು, ಹಂಪುಗಳ ಮೇಲೂ ಪೂರ್ತಿ ತಿರುಗಿಸಿದ ಸ್ಟೀರಿಂಗಿನಲ್ಲೂ ನಿಧಾನವಾಗಿ ಓಡಿಸಿದ ಮೇಲೆ ಚಾಕ್ ಉಜ್ಜಿಹೋಗಿದ್ದರೆ, ಫೆಂಡರಿನ ಅಂಚನ್ನು ಮಡಚುವುದಕ್ಕಿಂತ ಮೂಲ ಸ್ಪ್ರಿಂಗಿಗೆ ಮರಳುವುದೇ ಲೇಸು. ಟೈರಿನ ಗೋಡೆಯ ಎತ್ತರ 113 ಮಿ.ಮೀ.ಯಿಂದ 101ಕ್ಕೆ ಇಳಿಯುವುದರಿಂದ ಗುಂಡಿಯ ಪೆಟ್ಟು ರಿಮ್ಮಿಗೇ ಬೀಳುತ್ತದೆ. ಭಾರ ಸೂಚ್ಯಂಕವೂ ಹಳೆಯ ಟೈರಿಗಿಂತ ಕಡಿಮೆ ಇರಕೂಡದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ವಿವರಗಳಿಗೆ ಹೊಂದದ ಮಾರ್ಪಾಡನ್ನು ನಿರ್ಬಂಧಿಸುವುದರಿಂದ, ಹಣ ಕೊಡುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸತಕ್ಕದ್ದು.