ಇಂಗ್ಲಿಷಿನಲ್ಲಿ ಅಸಮ್ಮತಿಯನ್ನು ತಿಳಿಸುವ ಕ್ರಮ

ನಮ್ಮ ಶಾಲೆಯಲ್ಲಿ ಓದಿಹೋದ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ಬ್ಯಾಂಕು, ಆಸ್ಪತ್ರೆ, ಕಂಪನಿ ಮುಂತಾದ ಸ್ಥಳಗಳಲ್ಲಿ ಉದ್ಯೋಗದಲ್ಲಿರುವರು. ಅವರು ನಮ್ಮನ್ನು ಕಾಣಬಂದಾಗ ಇಂಗ್ಲಿಷ್ ವ್ಯಾಕರಣವು ಕಷ್ಟವೆಂದು ಹೇಳುವುದು ಅಪೂರ್ವ. “ಟೀಚರೇ, ಮೇಲಿನವರ ಮಾತು ಸರಿಯಲ್ಲವೆಂದು ತಿಳಿದಿದ್ದರೂ ಅದನ್ನು ಇಂಗ್ಲಿಷಿನಲ್ಲಿ ಹೇಳುವುದಕ್ಕೆ ಬಾಯಿ ಬರುವುದಿಲ್ಲ” ಎಂಬುದೇ ಅವರ ಸಂಕಟ. ಆದಕಾರಣ ಈ ಸಂಚಿಕೆಯಲ್ಲಿ ಆ ವಿಷಯವಾಗಿ ಒಂದು ಚಿಕ್ಕ ಪಾಠವನ್ನು ಬರೆಯಲು ಮನಸ್ಸು ಮಾಡಿದ್ದೇವೆ.

ಒಬ್ಬ ಪೂರ್ವ ವಿದ್ಯಾರ್ಥಿನಿಯು ನಮಗೆ ತಿಳಿಸಿದ ಸಂಗತಿಯಿದು. ಪರದೇಶದ ಗಿರಾಕಿಗಳೊಡನೆ ಫೋನಿನ ಮೂಲಕ ನಡೆದ ಮೀಟಿಂಗಿನಲ್ಲಿ, ಶುಕ್ರವಾರದೊಳಗೆ ಕೆಲಸವು ಮುಗಿಯುವುದೋ ಎಂದು ಆಕೆಯನ್ನು ಕೇಳಿದರು. ಹತ್ತು ದಿನವಾದರೂ ಬೇಕೆಂದು ಆಕೆಗೆ ಚೆನ್ನಾಗಿ ಗೊತ್ತಿತ್ತು. ಆದರೂ ಸಂಕೋಚದಿಂದ “ವಿ ವಿಲ್ ಟ್ರೈ, ಸರ್” ಎಂದುಬಿಟ್ಟಳು. ನಮ್ಮಲ್ಲಿ “ನೋಡೋಣ” ಎಂದರೆ ಅದು ಆಗುವುದು ಕಷ್ಟವೆಂದು ಎದುರಿನವರು ಗ್ರಹಿಸಿಕೊಳ್ಳುವರು. ಆ ಗಿರಾಕಿಗಳಾದರೋ ಅದನ್ನು ಒಪ್ಪಿಗೆಯೆಂದೇ ಬರೆದುಕೊಂಡರು. ಶುಕ್ರವಾರ ಬಂತು, ಕೆಲಸ ಮುಗಿದಿರಲಿಲ್ಲ. ಕಷ್ಟಪಟ್ಟು ದುಡಿದವಳಿಗೆ ಮಾತಿಗೆ ತಪ್ಪಿದವಳೆಂಬ ಹೆಸರು ಬಂತು.

ಇಂಥ ಸಂಕೋಚವು ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ವಿಮಾನಯಾನದ ಚರಿತ್ರೆಯಲ್ಲಿ ಒಂದು ದುಃಖಕರವಾದ ದೃಷ್ಟಾಂತವುಂಟು. 1990ನೆಯ ಇಸವಿ ಜನವರಿ 25ರಂದು ಕೊಲಂಬಿಯಾ ದೇಶದಿಂದ ನ್ಯೂಯಾರ್ಕಿಗೆ ಬಂದ ಆವಿಯಾಂಕಾ ಕಂಪನಿಯ 52ನೆಯ ನಂಬ್ರದ ವಿಮಾನವು, ಹವೆಯ ದೋಷದಿಂದ ಇಳಿಯಲಾರದೆ, ಒಂದು ಗಂಟೆಗೂ ಮಿಕ್ಕಿ ಆಕಾಶದಲ್ಲಿಯೇ ಕಾಯಬೇಕಾಯಿತು. ಇಂಧನವು ತೀರುತ್ತ ಬಂತು. ಚಾಲಕರ ಮಾತೃಭಾಷೆ ಸ್ಪ್ಯಾನಿಷ್, ಮಾತಾಡಬೇಕಾದದ್ದು ಇಂಗ್ಲಿಷ್. ಅವರು “ಪ್ರಯಾರಿಟಿ” ಎಂದು ಕೇಳಿಕೊಂಡರೇ ಹೊರತು “ಎಮರ್ಜೆನ್ಸಿ” ಎಂಬ ಪದವನ್ನು ನಿಲ್ದಾಣದವರಿಗೆ ಹೇಳಲಿಲ್ಲ. ಒಮ್ಮೆ ಇಳಿಯಲು ಯತ್ನಿಸಿ ಆಗದೆ ಮೇಲೇರಿದ ಬಳಿಕ, ನಿಯಂತ್ರಣಾಧಿಕಾರಿಯು ಸುಮಾರು 15 ಮೈಲು ದೂರ ಕೊಂಡೊಯ್ದು ತಿರುಗಿಸಿ ತರುವುದಾಗಿ ತಿಳಿಸಿ, ಇದು ನಿಮಗೂ ನಿಮ್ಮ ಇಂಧನಕ್ಕೂ ಸರಿಯೋ ಎಂದು ಕೇಳಿದನು. ಸರಿಯಾಗಬಹುದು, ಬಹಳ ಉಪಕಾರವಾಯಿತು ಎಂಬರ್ಥದ ಉತ್ತರವು ಹೋಯಿತು. ಸ್ವಲ್ಪ ಹೊತ್ತಿನಲ್ಲಿಯೇ ಇಂಧನ ಮುಗಿದು ಯಂತ್ರಗಳು ನಿಂತು ವಿಮಾನವು ಬಿದ್ದಿತು. ಅದರಲ್ಲಿದ್ದ 158 ಮಂದಿಯಲ್ಲಿ 73 ಮಂದಿ ಮೃತರಾದರು. ಬೇರೆ ಕಾರಣಗಳೂ ಇದ್ದವು. ಆದರೂ ಇಂಧನದ ಅಪಾಯವನ್ನು ಸಕಾಲದಲ್ಲಿ ಸ್ಪಷ್ಟವಾಗಿ ತಿಳಿಸದೆ ಹೋದುದನ್ನು ವಿಚಾರಣೆ ನಡೆಸಿದವರು ಮುಖ್ಯ ಕಾರಣಗಳಲ್ಲಿ ಎಣಿಸಿದರು. “ಇಲ್ಲ” ಎನ್ನಬೇಕಾದಲ್ಲಿ “ಆಗಬಹುದು” ಎಂದದ್ದು ವಿನಯವಲ್ಲ.

ಹಾಗಾದರೆ ಒರಟಾಗಿ ಮಾತಾಡಬೇಕೋ? ಎಂದಿಗೂ ಬೇಡ. ಮಾತಿನ ರೀತಿಯು ಮೃದುವಾಗಿರಲಿ, ಮಾತಿನ ಸಾರವು ದೃಢವಾಗಿರಲಿ. ಇದೇ ಈ ಪಾಠದ ತಿರುಳು. ಕನ್ನಡದಲ್ಲಿ ನಾವು “ನೀವು”, “ತಾವು”, “ಹೇಳಿದಿರಿ” ಎಂಬ ರೂಪಗಳಲ್ಲಿಯೇ ಮರ್ಯಾದೆಯನ್ನು ತೋರಿಸುತ್ತೇವೆ. ಇಂಗ್ಲಿಷಿನಲ್ಲಿ ಒಡೆಯನಿಗೂ ಆಳಿಗೂ “ಯು” ಒಂದೇ. ಆದುದರಿಂದ ಆ ಭಾಷೆಯವರು ಮರ್ಯಾದೆಯನ್ನು “ಕುಡ್”, “ವುಡ್”, “ಮೇ” ಎಂಬ ಸಹಾಯಕ ಕ್ರಿಯಾಪದಗಳಲ್ಲಿಯೂ ವಾಕ್ಯದ ಜೋಡಣೆಯಲ್ಲಿಯೂ ಇಡುವರು. ಇವುಗಳನ್ನು ಬಿಟ್ಟು ಕನ್ನಡದ ವಾಕ್ಯವನ್ನು ಪದಶಃ ತಿರುಗಿಸಿದರೆ, ಸಾಧುವಾದ ಹುಡುಗಿಯ ಮಾತೂ ಗಡುಸಾಗಿ ಕೇಳಿಸುವುದು.

ಅಸಮ್ಮತಿಯನ್ನು ತಿಳಿಸುವಾಗ ನಾಲ್ಕು ಮೆಟ್ಟಲುಗಳನ್ನು ನೆನಪಿಡತಕ್ಕದ್ದು. ಮೊದಲನೆಯದು, ಎದುರಿನವರ ಮಾತಿನಲ್ಲಿ ನ್ಯಾಯವಾದುದನ್ನು ಒಪ್ಪಿಕೊಳ್ಳುವುದು. ಎರಡನೆಯದು, ಭೇದವನ್ನು ಒಂದೇ ವಾಕ್ಯದಲ್ಲಿ ಸ್ಪಷ್ಟವಾಗಿ ಹೇಳುವುದು. ಮೂರನೆಯದು, ಕಾರಣವನ್ನು ಕೊಡುವುದು. ನಾಲ್ಕನೆಯದು, ಬೇರೊಂದು ದಾರಿಯನ್ನು ಸೂಚಿಸುವುದು. ನಮ್ಮ ವಿದ್ಯಾರ್ಥಿನಿಯು ಅಂದು ಹೀಗೆ ಹೇಳಬಹುದಾಗಿತ್ತು: “ಐ ಸೀ ವೈ ಫ್ರೈಡೇ ಈಸ್ ಇಂಪಾರ್ಟೆಂಟ್ ಟು ಯು. ಐ ಯಾಮ್ ಅಫ್ರೇಡ್ ವಿ ಕೆನಾಟ್ ಫಿನಿಷ್ ಬೈ ದೆನ್. ದಿ ವರ್ಕ್ ನೀಡ್ಸ್ ಟೆನ್ ಡೇಸ್. ವಿ ಕುಡ್ ಗಿವ್ ಯು ದಿ ಫಸ್ಟ್ ಪಾರ್ಟ್ ಆನ್ ಫ್ರೈಡೇ.” ಇಲ್ಲಿ “ಐ ಯಾಮ್ ಅಫ್ರೇಡ್” ಎಂಬುದರಲ್ಲಿ ಭಯವೇನೂ ಇಲ್ಲ, ಹೀಗೆ ಹೇಳಬೇಕಾಯಿತಲ್ಲಾ ಎಂಬ ವಿಷಾದವು ಮಾತ್ರ ಇದೆ. “ಕೆನಾಟ್” ಎಂಬ ಪದವು ಸ್ವಲ್ಪವೂ ಸಡಿಲಾಗಿಲ್ಲವೆಂಬುದನ್ನು ಗಮನಿಸಿರಿ.

ಇನ್ನು ನಮ್ಮವರು ಸಾಮಾನ್ಯವಾಗಿ ಎಡವುವ ಕೆಲವು ಸ್ಥಳಗಳನ್ನು ತೋರಿಸುತ್ತೇವೆ.

“ನನ್ನ ಪ್ರಕಾರ” ಎಂಬುದನ್ನು “ಅಕಾರ್ಡಿಂಗ್ ಟು ಮಿ” ಎಂದು ತಿರುಗಿಸುವುದು ವಾಡಿಕೆ. ಆದರೆ ಆ ಪ್ರಯೋಗವು ಇತರರ ಮಾತನ್ನು ಆಧಾರವಾಗಿ ಹೇಳುವಾಗ ಸಲ್ಲುತ್ತದೆ. ಸ್ವಂತ ಅಭಿಪ್ರಾಯಕ್ಕೆ “ಇನ್ ಮೈ ಒಪಿನಿಯನ್” ಎಂದಾಗಲಿ “ಐ ಥಿಂಕ್” ಎಂದಾಗಲಿ ಹೇಳಬೇಕು.

“ಅಗ್ರೀ” ಎಂಬುದು ಕ್ರಿಯಾಪದ. “ಐ ಯಾಮ್ ಅಗ್ರೀ” ಎಂಬುದು ತಪ್ಪು. ವ್ಯಕ್ತಿಯ ವಿಷಯದಲ್ಲಿ “ಅಗ್ರೀ ವಿತ್”, ಸಲಹೆಗೆ ಸಮ್ಮತಿಸುವಾಗ “ಅಗ್ರೀ ಟು”, ಇಬ್ಬರೂ ಸೇರಿ ದರವನ್ನೋ ದಿನವನ್ನೋ ನಿಶ್ಚಯಿಸುವಾಗ “ಅಗ್ರೀ ಆನ್” ಎಂದು ಬಳಸತಕ್ಕದ್ದು.

“ಇದು ಸರಿಯಲ್ಲವೆಂದು ತೋರುತ್ತದೆ” ಎಂದು ನಾವು ಹೇಳುತ್ತೇವೆ. ಇಂಗ್ಲಿಷಿನವರು ಆ ನಿಷೇಧವನ್ನು ಮೊದಲ ಕ್ರಿಯಾಪದಕ್ಕೆ ಸೇರಿಸಿ “ಐ ಡು ನಾಟ್ ಥಿಂಕ್ ದಿಸ್ ಈಸ್ ರೈಟ್” ಎನ್ನುವರು. “ಯು ಆರ್ ರಾಂಗ್” ಎಂದರೆ ದೋಷವು ವ್ಯಕ್ತಿಯ ತಲೆಯ ಮೇಲೆ ಬೀಳುವುದು. “ಐ ಡು ನಾಟ್ ಥಿಂಕ್ ದಿಸ್ ಫಿಗರ್ ಈಸ್ ರೈಟ್” ಎಂದರೆ ಲೆಕ್ಕದ ಮೇಲೆ ಬೀಳುವುದು.

ಪ್ರಶ್ನೆ ಕೇಳಬೇಕೆಂದಿರುವಾಗ “ಐ ಹ್ಯಾವ್ ಎ ಡೌಟ್” ಎನ್ನುವುದು ನಮ್ಮ ದೇಶದಲ್ಲಿ ನಡೆಯುತ್ತದೆ. ಹೊರಗಿನವರಿಗೆ ಅದು ಅಪನಂಬಿಕೆಯಾಗಿ ಕೇಳಿಸಬಹುದು. “ಐ ಹ್ಯಾವ್ ಎ ಕ್ವೆಶ್ಚನ್” ಎಂದರೆ ಸಾಕು.

ಕೊನೆಯದಾಗಿ, “ಯು ಡು ನಾಟ್ ಅಗ್ರೀ?” ಎಂದು ಕೇಳಿದಾಗ ನಮ್ಮ ಹುಡುಗಿಯರು, ನೀವಂದದ್ದು ಹೌದು ಎಂಬ ಭಾವದಿಂದ “ಯೆಸ್” ಎನ್ನುವುದುಂಟು. ಕೇಳಿದವರು ಅದನ್ನು ಸಮ್ಮತಿಯೆಂದು ತಿಳಿಯಬಹುದು. “ನೋ, ಐ ಡು ನಾಟ್” ಎಂದು ಪೂರ್ತಿಯಾಗಿ ಹೇಳುವುದೇ ಕ್ಷೇಮ.

ಇಷ್ಟನ್ನು ಕಲಿತರೂ ಒಂದು ಕೊರತೆ ಉಳಿಯುವುದು. ಕನ್ನಡದಲ್ಲಿ ಎಂದೂ “ನನಗೆ ಹಾಗೆ ತೋರುವುದಿಲ್ಲ” ಎಂದು ಹೇಳದ ನಾಲಿಗೆಯು ಇಂಗ್ಲಿಷಿನಲ್ಲಿ ಅದನ್ನು ಹೇಗೆ ಹೇಳೀತು? ಎದುರುತ್ತರ ಕೊಡಬಾರದೆಂದು ಹುಡುಗಿಯರನ್ನು ಸುಮ್ಮನಿರಿಸುವುದು ನಮ್ಮ ಮನೆಗಳಲ್ಲಿ ರೂಢಿ. ತರಗತಿಯಲ್ಲಿ ನಾವೂ ಹಾಗೆ ಮಾಡಿದ್ದೇವೆಂದು ಒಪ್ಪಿಕೊಳ್ಳುತ್ತೇವೆ. ಕರಿಹಲಗೆಯ ಮೇಲಿನ ನಮ್ಮ ಲೆಕ್ಕದ ತಪ್ಪನ್ನು ತೋರಿಸಿದ ಬಾಲಕಿಗೆ “ಕುಳಿತುಕೋ” ಎಂದದ್ದು ಇಂದಿಗೂ ನಮ್ಮ ಮನಸ್ಸನ್ನು ಚುಚ್ಚುತ್ತದೆ. ಎದುರುತ್ತರ ಬೇರೆ, ಕಾರಣಸಹಿತವಾದ ಅಸಮ್ಮತಿ ಬೇರೆ ಎಂಬುದನ್ನು ನಾವು ತಡವಾಗಿ ಕಲಿತೆವು.

ಆದುದರಿಂದ ತಂದೆತಾಯಿಗಳಲ್ಲಿ ನಮ್ಮದೊಂದು ವಿಜ್ಞಾಪನೆ. ವಾರಕ್ಕೊಮ್ಮೆಯಾದರೂ ಊಟದ ಹೊತ್ತಿನಲ್ಲಿ ಮನೆಯ ಯಾವುದಾದರೊಂದು ವಿಷಯವನ್ನು ಮಗಳ ಮುಂದಿಟ್ಟು ಆಕೆಯ ಅಭಿಪ್ರಾಯವನ್ನು ಕೇಳಿರಿ. ಆಕೆ ಒಪ್ಪದಿದ್ದರೆ ಗದರಿಸದೆ, ಕಾರಣವೇನೆಂದೂ ಬೇರೆ ದಾರಿ ಯಾವುದೆಂದೂ ವಿಚಾರಿಸಿರಿ. ಮೇಲೆ ಹೇಳಿದ ನಾಲ್ಕು ಮೆಟ್ಟಲುಗಳನ್ನು ಆಕೆ ಮೊದಲು ತಾಯ್ನುಡಿಯಲ್ಲಿ ಹತ್ತಲಿ. ಇಂಗ್ಲಿಷಿನಲ್ಲಿ ಹತ್ತಿಸುವ ಹೊಣೆ ನಮ್ಮದು.